ಬಿಟ್ಟ ಕೈ

ಗುಜರಿಯವನು ತಳ್ಳುಗಾಡಿಯನ್ನು ಶೆಡ್ಡಿನ ಬಾಗಿಲಿಗೆ ತಂದು ನಿಲ್ಲಿಸಿ, ಪಾಲಿಷ್ ಮೆಷಿನ್ನಿನ ನಟ್ಟು ಬಿಚ್ಚಲು ಸ್ಪ್ಯಾನರ್ ತೆಗೆದಾಗ ಸೊಸೆ ಅಡ್ಡ ಬಂದಳು.

“ಒಂದೇ ಒಂದು ಹಿಡಿಕೆ ಪಾಲಿಷ್ ಮಾಡ್ತೀನಿ ಮಾವ. ಆಗಲಿಲ್ಲ ಅಂದ್ರೆ ಒಯ್ಯಲಿ.”

ಮಾವ ಮೆಷಿನ್ನಿನತ್ತ ನೋಡಿದರು. ಅವರ ಎಡಗೈಯ ಎರಡು ಬೆರಳನ್ನು ತಿಂದದ್ದು ಇದೇ ಮೆಷಿನ್ನು. ಉಳಿದ ಮೂರರಲ್ಲೇ ಮತ್ತೂ ಇಪ್ಪತ್ತು ವರ್ಷ ದುಡಿದಿದ್ದರು. ಈಗ ಕೈ ನಡುಗುತ್ತಿತ್ತು. ಮಗನಿಗೆ ಬಸ್ಸಿನ ಸ್ಟಿಯರಿಂಗೇ ಸಾಕಾಗಿತ್ತು. ಶೆಡ್ಡಿಗೆ ಬರುವ ಹಿತ್ತಾಳೆಯ ಬಾಗಿಲ ಹಿಡಿಕೆಗಳನ್ನು ತೊಳೆದು, ಒರೆಸಿ, ಕಟ್ಟು ಕಟ್ಟುತ್ತಿದ್ದವಳು ಸೊಸೆ. ನಾಲ್ಕು ತಿಂಗಳಿಂದ ಅವಳು “ಕಲಿಸಿ” ಅನ್ನುವುದು, ಅವರು “ಹೆಚ್ಚುಕಮ್ಮಿ ಆದ್ರೆ ನಿನ್ನ ಗಂಡನಿಗೆ ಏನು ಹೇಳಲಿ?” ಅನ್ನುವುದು ನಡೆದೇ ಇತ್ತು. ಬಾಯಲ್ಲಿ ಎಲ್ಲ ಹೇಳಿಕೊಟ್ಟಿದ್ದರು, ಸ್ವಿಚ್ಚು ಮಾತ್ರ ಮುಟ್ಟಗೊಟ್ಟಿರಲಿಲ್ಲ.

ಅವಳು ಬಳೆ, ಉಂಗುರ ಕಳಚಿಟ್ಟಳು. ಕೂದಲನ್ನು ಬಟ್ಟೆಯಲ್ಲಿ ಬಿಗಿದು, ರವಿಕೆಯ ತೋಳು ಮಡಚಿ, ಕನ್ನಡಕ ಹಾಕಿಕೊಂಡಳು. ಗುಜರಿಯವನು ಕನಿಕರದಿಂದ ತನ್ನ ಗ್ಲೌಸು ಚಾಚಿದ.

“ಬೇಡಣ್ಣ. ಚಕ್ರ ಗ್ಲೌಸನ್ನ ಹಿಡಿದ್ರೆ ಕೈಯನ್ನೂ ಸೇರಿಸಿ ಎಳ್ಕೊಳ್ಳುತ್ತೆ.”

ಮಾವ ನೆಲ ನೋಡುತ್ತಾ ತಲೆಯಾಡಿಸಿದರು. ಅದೇ ಒಪ್ಪಿಗೆ ಅಂದುಕೊಂಡು ಸ್ವಿಚ್ಚು ಒತ್ತಿದಳು. ಬಟ್ಟೆಯ ಚಕ್ರ ಪೂರ್ತಿ ವೇಗಕ್ಕೆ ಬರುವವರೆಗೆ ಪಕ್ಕದಲ್ಲಿ ನಿಂತು, ಪಾಲಿಷ್ ಮೇಣದ ಗಟ್ಟಿಯನ್ನು ಅದಕ್ಕೆ ಸವರಿಯೂ ಸವರದ ಹಾಗೆ ತಾಗಿಸಿದಳು. ಚಕ್ರದ ನಡುಮಟ್ಟಕ್ಕಿಂತ ಕೆಳಗೆ ಹಿಡಿಕೆಯನ್ನು ಒಡ್ಡಿದಳು. ಕಪ್ಪು ಸರಿದು ಹೊಂಬಣ್ಣ ಕಾಣತೊಡಗಿತು. ಅಷ್ಟರಲ್ಲಿ ಹಿಡಿಕೆಯ ಕೊಕ್ಕೆಯಂಥ ತುದಿ ಚಕ್ರಕ್ಕೆ ಸಿಕ್ಕಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿಕೆ ಕಿತ್ತುಕೊಂಡು ಹೋಗಿ ಹಿಂದಿನ ತಗಡಿಗೆ ಢಣ್ಣನೆ ಬಡಿಯಿತು.

“ಸಾಕು ಬಿಡಮ್ಮ!” ಗುಜರಿಯವನು ಕೂಗಿದ. “ಹೆಣ್ಮಕ್ಕಳಿಗೆ ಯಾಕೆ ಈ ಉಸಾಬರಿ?”

ಮಾವ ಓಡಿಬಂದು ಸ್ವಿಚ್ಚು ಆರಿಸಿದರು. ಗಾಳಿಯಲ್ಲಿ ಹಾಗೇ ಬಿಚ್ಚಿ ನಿಂತಿದ್ದ ಅವಳ ಎರಡೂ ಕೈ ಹಿಡಿದು, ಒಂದೊಂದಾಗಿ ಬೆರಳು ಎಣಿಸಿದರು. ಹತ್ತೂ ಇದ್ದವು.

“ಯಾಕೆ ಬಿಟ್ಟೆ?”

“ನೀವೇ ಹೇಳಿದ್ರಲ್ಲ ಮಾವ, ಚಕ್ರ ಎಳೆದ್ರೆ ಜಗ್ಗಬೇಡ, ಕೊಟ್ಟುಬಿಡು ಅಂತ.” ಅವಳು ಬಿದ್ದ ಹಿಡಿಕೆಯತ್ತ ನೋಡಿದಳು. “ಸಾಮಾನು ಹಾಳಾಯ್ತು. ತಪ್ಪಾಯ್ತು.”

“ಹಾಳಾದ್ರೆ ಇನ್ನೊಂದು ಬರುತ್ತೆ. ಊರಿಗೆಲ್ಲ ಬುದ್ಧಿ ಹೇಳಿದವನು ನಾನು. ಆವತ್ತು ಎಳೆದಾಗ ಮಾತ್ರ ಬಿಡಲಿಲ್ಲ ಕಣಮ್ಮ. ಮೆಷಿನ್ನಿನ ಜೊತೆ ಹಠ!” ಮಾವ ನಗಲು ನೋಡಿದರು, ಕಣ್ಣು ತುಂಬಿಬಂತು. ಬಗ್ಗಿ ಹಿಡಿಕೆ ಎತ್ತಿ ತಿರುಗಿಸಿ ನೋಡಿದರು. “ತುದಿ ಮೇಲಿತ್ತು, ಅದಕ್ಕೇ ಸಿಕ್ಕಿಹಾಕ್ಕೊಂಡಿದ್ದು. ತುದಿ ಯಾವಾಗಲೂ ಕೆಳಗಿರಬೇಕು, ಚಕ್ರ ಅದರ ಮೇಲಿಂದ ಜಾರಿಹೋಗಬೇಕು. ಅರ್ಧ ಮಾಡು, ತಿರುಗಿಸು, ಉಳಿದರ್ಧ ಮಾಡು. ಇನ್ನೊಂದು ತಗೊ.”

ಗುಜರಿಯವನು ಸ್ಪ್ಯಾನರ್ ಹಿಡಿದು ಇಬ್ಬರ ಮುಖ ನೋಡಿದ. “ಹಾಗಾದ್ರೆ ನನ್ನ ಗಾಡಿ?”

“ಖಾಲಿ ಗಾಡಿ ತಳ್ಳೋದು ಹಗುರ ಕಣಪ್ಪ. ಹೋಗಿ ಬಾ.”

ಎರಡನೆಯದರಲ್ಲಿ ಗೀರು ಉಳಿಯಿತು. ಮೂರನೆಯದು ಫಳಫಳ ಹೊಳೆಯುತ್ತಾ ಮೇಜಿಗೆ ಬಂದಾಗ ಮಾವನಿಗೆ ತಡೆಯಲಾಗಲಿಲ್ಲ, ಕೈ ಚಾಚಿದರು.

“ಮುಟ್ಟಬೇಡಿ ಮಾವ!” ಸೊಸೆ ಗದರಿದಳು. “ಇನ್ನೂ ಸುಡ್ತಾ ಇದೆ.”

ಅವರು ತಟ್ಟನೆ ಕೈ ಹಿಂದಕ್ಕೆಳೆದುಕೊಂಡರು. ಆ ಶೆಡ್ಡಿನಲ್ಲಿ ಅವರ ಕೈಯ ಚಿಂತೆಯನ್ನು ಇನ್ನೊಬ್ಬರು ಮಾಡಿದ್ದು ಅದೇ ಮೊದಲು.