ನಾಳೆರಾಣಿಯ ಬಾಕಿ

ಆ ಬೆಳಿಗ್ಗೆ ಸುರಿಯಲೊಲ್ಲದ ಮೋಡವೊಂದು ಬಂದು ಶಾಲೆಯ ನೆತ್ತಿಯ ಮೇಲೆ ಕೂತಿತ್ತು. ಒಂದೆಲೆಯೂ ಅಲುಗುತ್ತಿರಲಿಲ್ಲ. ಮೂರನೇ ತರಗತಿಯ ಕೋಣೆ ಕಿಟಕಿ ಮುಚ್ಚದೆಯೇ ಕತ್ತಲಾಗಿತ್ತು. ಗೋಡೆ ಓದಿಗೆ ಒಳ್ಳೇ ದಿನ ಎಂದು ಮಕ್ಕಳಿಗೆ ಹಿಗ್ಗು. ಟೀಚರ್ ನಗಲು ನೋಡಿದರು. ನಗು ಅರ್ಧಕ್ಕೇ ನಿಂತಿತು. ಒಂದು ರಾತ್ರಿಯ ಪ್ರಯಾಣದಷ್ಟು ದೂರದ ಆಸ್ಪತ್ರೆಯಲ್ಲಿ ಅವರ ತಾಯಿಯನ್ನು ನಸುಕಿನಲ್ಲೇ ಆಪರೇಷನ್ನಿಗೆ ಒಳಗೆ ಕರೆದೊಯ್ದಿದ್ದರು. ಜೊತೆಗೆ ಒಬ್ಬರನ್ನೇ ಬಿಡುವುದು, ನೀನು ಬಂದು ಬಾಗಿಲು ಕಾಯುವುದು ಬೇಡ, ಮಕ್ಕಳ ಮುಂದೆ ಇರು, ಸುದ್ದಿ ಕಳಿಸುತ್ತೇನೆ ಎಂದಿದ್ದ ತಮ್ಮ.

ಶಾಲೆಯಲ್ಲಿ ಒಂದೊಂದು ಕಥೆಗೆ ಒಂದೊಂದೇ ಪುಸ್ತಕ. ಕೈಯಿಂದ ಕೈಗೆ ಕೊಟ್ಟರೆ ಕೊನೆಯ ಬೆಂಚು ತಲುಪುವಷ್ಟರಲ್ಲಿ ಬರೀ ರಟ್ಟು ಉಳಿಯುತ್ತಿತ್ತು. ಅದಕ್ಕೇ ಟೀಚರ್ ಪುಟಪುಟವನ್ನೂ ಫೋನಿನಲ್ಲಿ ಫೋಟೋ ತೆಗೆದು, ವೈರು ಸಿಕ್ಕಿಸಿ, ಪ್ರೊಜೆಕ್ಟರಿನಿಂದ ಸುಣ್ಣದ ಗೋಡೆಯ ಮೇಲೆ ಬಿಡುತ್ತಿದ್ದರು. ಗೋಡೆಗೆ ಬಿದ್ದ ಅಕ್ಷರ ಎಲ್ಲರದ್ದು, ಒಂದನ್ನೂ ಬಿಡದೆ ಜೋರಾಗಿ ಓದಬೇಕು ಎಂಬುದು ಆ ಕೋಣೆಯ ಕಾನೂನು. ಒಮ್ಮೆ ಕಥೆಯ ನಡುವೆ ಇಳಿದುಬಂದ 'ನಿಮ್ಮ ಗ್ಯಾಸ್ ಬುಕ್ ಆಗಿದೆ' ಎಂಬ ಮೆಸೇಜನ್ನೂ ಮಕ್ಕಳು ರಾಗವಾಗಿ ಓದಿ, ಮುಂದಿನ ಪುಟ ಕೇಳಿದ್ದರು.

ಗುಂಪಿನ ಓದು ಮುಗಿದ ಮೇಲೆ ದಿನಕ್ಕೊಬ್ಬರು ಒಂಟಿಯಾಗಿ ಒಂದು ಪುಟ ಓದಬೇಕು. ಕಿಟಕಿ ಪಕ್ಕದ ಹುಡುಗಿ ಮಾತ್ರ ಸರದಿ ಬಂದಾಗಲೆಲ್ಲ ಎದ್ದು ನಿಂತು, ಅಂಗಿಯ ಅಂಚು ಹಿಂಡುತ್ತ, "ನಾಳೆ ಓದ್ತೀನಿ ಟೀಚರ್" ಎನ್ನುವಳು. ಗುಂಪಿನಲ್ಲೂ ಅವಳ ತುಟಿ ಅಲುಗದು. ಮಕ್ಕಳು ಅವಳಿಗೆ ನಾಳೆರಾಣಿ ಎಂದೇ ಹೆಸರಿಟ್ಟಿದ್ದರು. ಇವಳಿಗೆ ಅಕ್ಷರ ಕೂಡಿಬರುತ್ತಿಲ್ಲ ಎಂದು ಟೀಚರ್ ಕೂಡ ಒಳಗೊಳಗೇ ಕೈಬಿಟ್ಟಿದ್ದರು. ಇವತ್ತೂ ಪಾಠಕ್ಕೆ ಮೊದಲೇ, ಇಂದಾದರೂ ಓದ್ತೀಯಾ ಎಂದು ಕೇಳಿದ್ದಾಯಿತು, ಅದೇ ನಾಳೆ ಬಂದಿದ್ದಾಯಿತು.

"ನಿನ್ನ ಬಾಕಿ ಬೆಳೀತಾ ಇದೆ ಕಣಮ್ಮ" ಎಂದು ಟೀಚರ್ ಪುಟ ತೆರೆದರು.

ಬಸವನಹುಳು ಬೆನ್ನ ಮೇಲೆ ಮನೆ ಹೊತ್ತು ಗೋಡೆಗೆ ಬಂತು. ಮುಂದಿನ ಬೆಂಚಿನವನು ಮೂಲೆಯ ಗುರುತು ನೋಡಿ, ಬ್ಯಾಟರಿ ಕೆಂಪಾಯಿತೆಂದ. ರಾತ್ರಿಯೆಲ್ಲ ತಮ್ಮನೊಡನೆ ಮಾತಾಡಿದ ಫೋನು. ಚಾರ್ಜರು ಗಾಬರಿಯಲ್ಲಿ ಮನೆಯಲ್ಲೇ ಉಳಿದಿತ್ತು. ಟೀಚರ್ ಗೋಡೆಗೆ ಬೆನ್ನು ಮಾಡಿ, ವೈರು ಕೀಳಲೆಂದು ಕೈ ಚಾಚಿದರು. ಅಷ್ಟರಲ್ಲಿ ಫೋನು ಟಿಣ್ ಎಂದಿತು. ಬಸವನಹುಳುವಿನ ತಲೆಯ ಮೇಲೆ ಬಿಳಿ ಪಟ್ಟಿಯೊಂದು ಇಳಿಯಿತು. ಟೀಚರಿಗೆ ತಿರುಗಿ ನೋಡಬೇಕೆನಿಸಿತು; ಕುತ್ತಿಗೆ ತಿರುಗಲಿಲ್ಲ. ಮಕ್ಕಳಿಗೇನು ಗೊತ್ತು? ಕೋಣೆಗೆ ಕೋಣೆಯೇ ರಾಗ ಎತ್ತಿತು.

"ಅ...ಕ್ಕಾ... ಅ...ಮ್ಮ... ಕ...ಣ್ಣು..."

ಗೋಡೆ ಬರಿದಾಯಿತು. ಫೋನು ಉಸಿರು ಬಿಟ್ಟಿತ್ತು.

ಕಣ್ಣು ಏನಾಯಿತು? ಮುಚ್ಚಿದಳೋ, ಬಿಟ್ಟಳೋ? ಟೀಚರ್ ಕುರ್ಚಿಯ ಬೆನ್ನು ಹಿಡಿದುಕೊಂಡು, ಮುಂದೇನಿತ್ತು, ಯಾರಾದರೂ ಓದಿದಿರಾ ಎಂದು ಕೇಳಿದರು. ನಾವು ಅಲ್ಲಿಯವರೆಗೇ ಬಂದಿದ್ದೆವು ಎಂದು ಮುಂದಿನ ಬೆಂಚು ತಪ್ಪು ಮಾಡಿದಂತೆ ತಲೆ ತಗ್ಗಿಸಿತು. ಟೀಚರ್ ಕೂಗಿದ್ದಕ್ಕೆ ಶಾಲೆಯ ಜವಾನ ಓಡಿ ಬಂದ. ತನ್ನ ಫೋನು ಕೊಟ್ಟ. ತಮ್ಮನ ನಂಬರು ಟೀಚರಿಗೆ ಬಾಯಿಗೆ ಬಾರದು, ಅದೂ ಸತ್ತ ಫೋನಿನ ಹೊಟ್ಟೆಯಲ್ಲೇ ಇತ್ತು. ತನ್ನ ಚಾರ್ಜರು ತಂದ. ಅದರ ಮೂತಿ ಇದರ ಬಾಯಿಗೆ ಹಿಡಿಯಲಿಲ್ಲ. ಅಂಗಡಿಯಿಂದ ತರುತ್ತೇನಮ್ಮಾ ಎಂದು ಅವನು ಹೊರಟ ಸೈಕಲ್ಲಿನ ಕಟಕಟ ಗೇಟು ದಾಟಿ ಹೋಯಿತು. ದೇವರೇ, ಎಂದರು ಟೀಚರ್. ಮುಂದೆ ಏನು ಬೇಡಬೇಕೆಂದು ತಿಳಿಯಲಿಲ್ಲ. ಆಗಿಹೋದದ್ದನ್ನು ಬೇಡುವುದು ಹೇಗೆ? ಹೊರಗೆ ಮೋಡ ಕೂತಲ್ಲೇ ಕೂತಿತ್ತು.

ಯಾರೋ ತೋಳು ಮುಟ್ಟಿದರು. ನಾಳೆರಾಣಿ. ಆಮೇಲೆ ಬಾ ಮಗು, ಹೋಗಿ ಕೂತ್ಕೋ ಎಂದರು ಟೀಚರ್. ಹುಡುಗಿ ಹೋಗಲಿಲ್ಲ. ಅವರು ಬಾಗುವವರೆಗೂ ಕಾದು, ತುದಿಗಾಲಲ್ಲಿ ನಿಂತು, ಅವರ ಕಿವಿಗೆ ಅಂಗೈ ಮರೆ ಹಿಡಿದು, ಒಂದಕ್ಷರವೂ ಎಡವದೆ ಪಿಸುಗುಟ್ಟಿದಳು.

"ಅಕ್ಕಾ, ಅಮ್ಮ ಕಣ್ಣು ಬಿಟ್ಟಳು. ಗುಂಡಮ್ಮ ತಿಂಡಿ ತಿಂದ್ಲಾ ಅಂತ ಕೇಳ್ತಿದಾಳೆ."

ಒಣಕಡ್ಡಿಯಂತಿದ್ದ ಟೀಚರನ್ನು ಗುಂಡಮ್ಮ ಎಂದು ಕರೆಯುವ ಬಾಯಿ ಲೋಕದಲ್ಲಿ ಒಂದೇ. ಸಮಾಧಾನಕ್ಕೆಂದು ಯಾರೂ ಕಟ್ಟಿ ಹೇಳಲಾರದ ಮಾತು ಅದು. ಟೀಚರ್ ಬೆಂಚಿನ ತುದಿಗೆ ಕೂತರು. ಕಣ್ಣಲ್ಲಿ ಬಂದದ್ದನ್ನು ಒರೆಸಿಕೊಳ್ಳಲೂ ಕೈ ಏಳಲಿಲ್ಲ.

"ನೀನು ಓದಿದ್ಯಾ?"

"ಅವ್ರು ರಾಗ ಎಳೆಯೋದ್ರೊಳಗೆ ಮುಗಿದಿತ್ತು ಟೀಚರ್."

"ಮತ್ತೆ ಇಷ್ಟು ದಿನ?"

"ಓದಕ್ಕೆ ಬರುತ್ತೆ. ಜೋರಾಗಿ ಅಂದ್ರೆ ಭಯ."

ಏನಂತೆ, ಏನಂತೆ ಎಂದು ಹಿಂದಿನ ಬೆಂಚುಗಳು ಏಳತೊಡಗಿದವು. ಗೋಡೆಗೆ ಬಿದ್ದದ್ದು ಎಲ್ಲರದ್ದು ಎಂದು ಒಬ್ಬಳು ಕಾನೂನು ನೆನಪಿಸಿದಳು. ನಾಳೆರಾಣಿ ತಿರುಗಿ ಅವರನ್ನೆಲ್ಲ ಒಮ್ಮೆ ನೋಡಿ, ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಮತ್ತೆ ಟೀಚರ ಕಿವಿಗೆ ಬಾಗಿ, "ಆ ಹೆಸರು ನಾನು ಯಾರಿಗೂ ಹೇಳಲ್ಲ. ನನ್ನ ಬಾಕಿ ಪುಟ ಇದೇ ಅಂತ ಇಟ್ಕೊಳ್ಳಿ" ಎಂದು, ಸದ್ದಿಲ್ಲದೆ ಕಿಟಕಿ ಪಕ್ಕದ ತನ್ನ ಜಾಗಕ್ಕೆ ಹೋಗಿ ಕೂತಳು.