ಒಂಬತ್ತನೇ ನಂಬರಿನವಳು ಗೋಲಿಗೆ ನಿಂತಳು

ಮಧ್ಯಂತರದ ಸೀಟಿ ಊದಿದಾಗ ಕಸೊಂದೆ ಉಳಿದವರಂತೆ ಓಡಿ ಒಳಗೆ ಹೋಗಲಿಲ್ಲ. ಎರಡೂ ಕೈಯಿಂದ ಜೆರ್ಸಿಯನ್ನು ಹಿಂದಿನಿಂದ ಕೆಳಕ್ಕೆ ಜಗ್ಗಿ ಹಿಡಿದು, ಗೋಲ್‌ಕೀಪರ್ ಮುತಿಂತಾಳನ್ನು ತನ್ನ ಬೆನ್ನಿಗೆ ಮರೆಯಾಗಿ ಬರುವಂತೆ ಕರೆದುಕೊಂಡು ನಡೆದಳು. ಆದರೂ ಕಾಣಬೇಕಾದವರಿಗೆಲ್ಲ ಕಂಡಾಗಿತ್ತು. ಬಿಳಿ ಚಡ್ಡಿಯ ಮೇಲಿನ ಕೆಂಪು ಅಡಗುವಂಥದ್ದಲ್ಲ. "ಒಂಬತ್ತನೇ ನಂಬರಿಗೆ ಗಾಯ ಆಗಿದೆ, ಸ್ಟ್ರೆಚರ್ ತರ್ರಪ್ಪೋ" ಎಂದು ಗ್ಯಾಲರಿಯಿಂದ ಯಾರೋ ಕೂಗಿದ. ನಗು ಎದ್ದಿತು. ಅದರ ಜೊತೆಗೆ ಫೋನುಗಳೂ ಎದ್ದವು.

ಕಿಟ್ವೆ ಊರಿನ ಮೈದಾನದಲ್ಲಿ ಅಂದು ಹೆಂಗಸರ ಫುಟ್‌ಬಾಲ್ ಲೀಗಿನ ಕೊನೆಯ ಪಂದ್ಯ. ಗೆದ್ದರೆ ಟ್ರೋಫಿ ಕಸೊಂದೆಯ ತಂಡಕ್ಕೆ. ಇನ್ನೂ ಯಾರೂ ಗೋಲು ಹೊಡೆದಿರಲಿಲ್ಲ. ಇಡೀ ಲೀಗಿನಲ್ಲಿ ಕಸೊಂದೆಯಷ್ಟು ಗೋಲು ಹೊಡೆದವರು ಬೇರೆ ಇಲ್ಲ. ಅವಳು ಮ್ಯಾನೇಜರ್ ಸಿಂಕಾಲಾನನ್ನು ಬಟ್ಟೆ ಬದಲಾಯಿಸುವ ಕೋಣೆಯ ಬಾಗಿಲಿಗೆ ಕರೆಸಿ, ಬಸ್ಸಿನಲ್ಲಿ ಗಂಡಸರ ತಂಡದ ಕಪ್ಪು ಚಡ್ಡಿಗಳ ಮೂಟೆ ಇದೆಯಲ್ಲ, ಉಳಿದ ಅರ್ಧ ಆಟಕ್ಕೆ ನಮಗೆಲ್ಲ ಅದನ್ನು ಕೊಡಿ ಎಂದು ಕೇಳಿದಳು. ಅವಳೊಬ್ಬಳೇ ಹಾಕಿಕೊಂಡರೆ ರೆಫರಿ ಒಪ್ಪುವುದಿಲ್ಲ. ಗೋಲ್‌ಕೀಪರ್ ಒಬ್ಬಳನ್ನು ಬಿಟ್ಟು ಎಲ್ಲರದೂ ಒಂದೇ ಬಣ್ಣ ಇರಬೇಕು.

ಸಿಂಕಾಲಾ ಗಣ್ಯರ ಗ್ಯಾಲರಿಯ ಕಡೆ ಒಮ್ಮೆ ನೋಡಿದ. ತಂಡಕ್ಕೆ ದುಡ್ಡು ಹಾಕಿದ್ದ ಸಾಬೂನು ಪುಡಿ ಕಂಪನಿಯವರು ಅಲ್ಲಿ ಕೂತಿದ್ದರು.

"ಸೋಪಿನ ಪುಡಿಯವರ ಎದುರು ಕರಿ ಚಡ್ಡಿ ಹಾಕ್ಕೊಂಡು ಓಡ್ತೀರಾ? ಇನ್ನೊಂದು ಬಿಳಿದು ತಗೊಂಡು ಹಾಕ್ಕೋ ಹೋಗು. ದಿನ ಲೆಕ್ಕ ಇಟ್ಕೊಳಕ್ಕೂ ಬರಲ್ವಾ ನಿಮಗೆ?"

ಈ ಮಾತು ಹೊಸದೇನಲ್ಲ. ಲೀಗು ಶುರುವಾಗುವ ಮೊದಲೇ ಹುಡುಗಿಯರೆಲ್ಲ ಸೇರಿ ಗಾಢ ಬಣ್ಣ ಕೇಳಿದ್ದರು, ಆಗಲೂ ಅವನು ಹೀಗೇ ನಕ್ಕಿದ್ದ. ಅದೇ ಕ್ಲಬ್ಬಿನ ಗಂಡಸರೂ ಮೊದಲು ಬಿಳಿಯನ್ನೇ ಹಾಕುತ್ತಿದ್ದವರು. ಮಳೆಗಾಲದಲ್ಲಿ ಕೆಸರಿನ ಕಲೆ ಹೋಗುವುದಿಲ್ಲ ಎಂದು ಅವರು ಗೊಣಗಿದ ವಾರದಲ್ಲೇ ಕಪ್ಪು ಬಂತು. ಆಗ ಸಾಬೂನಿನ ಕಂಪನಿಗೆ ಯಾವ ಅವಮಾನವೂ ಆಗಿರಲಿಲ್ಲ.

ಇನ್ನೊಂದು ಬಿಳಿ ಚಡ್ಡಿ ಎಷ್ಟು ಹೊತ್ತು ಬಿಳಿಯಾಗಿರುತ್ತದೆ ಎಂಬುದು ಕಸೊಂದೆಗೆ ಗೊತ್ತಿತ್ತು. ಅವಳು ಬೆಂಚಿನ ಮೇಲೆ ಕುಸಿದು, ನಾನು ಆಡುವುದಿಲ್ಲ, ಬೇರೆ ಯಾರನ್ನಾದರೂ ಇಳಿಸಿ ಎಂದಳು. ಕಣ್ಣಲ್ಲಿ ನೀರಿತ್ತು, ನಾಚಿಕೆಗಿಂತ ಸಿಟ್ಟಿನ ನೀರು. ಮುತಿಂತಾ ಅವಳನ್ನು ನೋಡಿದಳು, ಆಮೇಲೆ ತನ್ನ ಕಪ್ಪು ಚಡ್ಡಿಯನ್ನು ನೋಡಿಕೊಂಡಳು. ನೋಡುತ್ತಲೇ ಅದರ ಲಾಡಿ ಬಿಚ್ಚತೊಡಗಿದಳು.

"ತಗೋ, ಹಾಕ್ಕೋ. ಇನ್ಮೇಲೆ ನೀನೇ ಕೀಪರ್."

"ಗೋಲ್ ಬಿಟ್ಬಿಟ್ರೆ?"

"ಬಿಡಬೇಡ."

ಮುತಿಂತಾ ಇನ್ನೊಂದು ಬಿಳಿ ಚಡ್ಡಿ ತೊಟ್ಟು, ಜೆರ್ಸಿ ಕೈಗವಸುಗಳನ್ನೂ ಅದಲುಬದಲು ಮಾಡಿಕೊಂಡು, ಇಬ್ಬರೂ ಹೋಗಿ ಜಾಗ ಬದಲಿಸುತ್ತಿದ್ದೇವೆ ಎಂದು ರೆಫರಿಗೆ ಹೇಳಿದರು. ಆಕೆ ಅಡಿಯಿಂದ ಮುಡಿಯವರೆಗೆ ಕಪ್ಪು ತೊಟ್ಟ ನಡುವಯಸ್ಸಿನ ಹೆಂಗಸು. ಕಸೊಂದೆಯ ಮುಖವನ್ನು ಒಮ್ಮೆ ನೋಡಿ, ಯಾಕೆ ಎಂದು ಕೇಳದೆ ತಲೆಯಾಡಿಸಿದಳು. ಆಟಗಾರ್ತಿಯರು ಮೈದಾನಕ್ಕೆ ಇಳಿದ ಮೇಲೆಯೇ ಸಿಂಕಾಲಾನಿಗೆ ವಿಷಯ ತಿಳಿದದ್ದು. ಗೆರೆಯ ಪಕ್ಕದಲ್ಲಿ ಅರಚುತ್ತ ಓಡಾಡಿದವನನ್ನು ರೆಫರಿ ಬೆರಳು ತೋರಿಸಿ ಕೂರಿಸಿದಳು.

ಲೀಗಿನ ಅತ್ಯುತ್ತಮ ಕಾಲು ಗೋಲಿನ ಕಂಬಗಳ ನಡುವೆ ಕೆಲಸವಿಲ್ಲದೆ ನಿಂತಿತು. ತಾನಿರಬೇಕಾದ ಜಾಗಕ್ಕೆ ಚೆಂಡು ಬಂದಾಗಲೆಲ್ಲ ಕಸೊಂದೆಯ ಮೈ ಮುಂದಕ್ಕೆ ಜಗ್ಗುತ್ತಿತ್ತು. ಅಲ್ಲಿ ಬಿಗಿಯಾದ ಬಿಳಿ ಚಡ್ಡಿಯಲ್ಲಿ ಮುತಿಂತಾ ಎಡವುತ್ತ, ಏದುಸಿರು ಬಿಡುತ್ತ ಓಡುತ್ತಿದ್ದಳು. ಇತ್ತ ಬಂದ ಒಂದು ಚೆಂಡು ಕಸೊಂದೆಯ ಕೈ ತಪ್ಪಿ ಎದೆಗೆ ಬಡಿದು ಹೊರಗೆ ಹೋಯಿತು. ಗ್ಯಾಲರಿ ಮತ್ತೆ ನಕ್ಕಿತು. ಅವಳು ಹಲ್ಲು ಕಚ್ಚಿ ನಿಂತಳು.

ಆಟ ಮುಗಿಯಲು ಬಂದಾಗ ಇವರಿಗೆ ಕಾರ್ನರ್ ಸಿಕ್ಕಿತು. ಎಲ್ಲರಿಗಿಂತ ಎತ್ತರದ ಮುತಿಂತಾ ಚೆಂಡಿಗೆ ತಲೆ ಕೊಡಲು ಎಗರಿದಳು, ಎದುರಾಳಿಯೊಬ್ಬಳು ಹಿಂದಿನಿಂದ ನೂಕಿದಳು. ಪೆನಾಲ್ಟಿ. ಹೊಡೆಯುವವರು ಯಾರು ಎಂದು ಯಾರೂ ಕೇಳಲಿಲ್ಲ. ಕಸೊಂದೆ ಆ ತುದಿಯಿಂದ ಈ ತುದಿಗೆ ಓಡಿ ಬಂದು, ಕೈಗವಸನ್ನೂ ತೆಗೆಯದೆ ಚೆಂಡನ್ನು ಇಟ್ಟು ಒದ್ದಳು. ಬಲೆ ಅಲುಗಿತು. ತಬ್ಬಿಕೊಳ್ಳಲು ಬಂದವರನ್ನು ಸರಿಸಿ ಮತ್ತೆ ಓಡಿದಳು. ಅಲ್ಲಿ ಗೋಲು ಖಾಲಿ ಇತ್ತು.

ಪಂದ್ಯ ಮುಗಿದು ಟ್ರೋಫಿ ಇವರದಾಯಿತು. ಊರಿನ ರೇಡಿಯೊದವನು ನೇರ ಪ್ರಸಾರದ ಮೈಕು ಹಿಡಿದು ಬರುವಷ್ಟರಲ್ಲಿ ಸಿಂಕಾಲಾ ಕಸೊಂದೆಯ ಹೆಗಲ ಮೇಲೆ ಕೈ ಹಾಕಿ ನಿಂತಿದ್ದ. ಎದುರಾಳಿಗಳ ತಲೆ ಕೆಡಿಸಲು ತಾವು ಹೂಡಿದ ತಂತ್ರ ಇದು ಎಂದು ಊರಿಗೆಲ್ಲ ಹೇಳಿದ. ಆಮೇಲೆ ದನಿ ತಗ್ಗಿಸಿ, ಬೇಗ ಬಿಳಿ ಹಾಕಿಕೊಂಡು ಬಾ, ಕಂಪನಿಯವರು ಫೋಟೊಕ್ಕೆ ಕಾಯುತ್ತಿದ್ದಾರೆ ಎಂದ. ಅವಳು ಅವನ ಕೈಯನ್ನು ಹೆಗಲಿನಿಂದ ಇಳಿಸಿದಳು. ಮೈಕು ಅವಳ ಕಡೆ ತಿರುಗಿತು.

"ತಂತ್ರ ಏನಿಲ್ಲ. ನಾನು ಮುಟ್ಟಾಗಿದೀನಿ. ಕೀಪರ್‌ಗೆ ಬಿಟ್ರೆ ಯಾರಿಗೂ ಕರಿ ಚಡ್ಡಿ ಇಲ್ಲ, ಅದಕ್ಕೆ ಅಲ್ಲಿ ಹೋಗಿ ನಿಂತೆ. ಗಂಡಸರು ಕೆಸರು ಅಂದಿದ್ದಕ್ಕೆ ಒಂದೇ ವಾರದಲ್ಲಿ ಬಣ್ಣ ಬದಲಾಯ್ತು. ನಾವು ರಕ್ತ ಅಂದ್ರೆ..."

ರೇಡಿಯೊದವನ ಮುಖ ಕಪ್ಪಿಟ್ಟಿತು. ಸ್ಟುಡಿಯೊಗೆ ಮರಳೋಣ ಎಂದು ತೊದಲುತ್ತ ಅವನು ಮೈಕನ್ನು ಹಿಂದಕ್ಕೆಳೆದುಕೊಂಡ. ಮೈಕು ಅರ್ಧ ದಾರಿಯಲ್ಲೇ ನಿಂತಿತು. ಮುತಿಂತಾಳ ಅಗಲವಾದ ಕೈ ಅವನ ಮಣಿಕಟ್ಟನ್ನು ಹಿಡಿದಿತ್ತು.

"ಅವಳ ಮಾತು ಇನ್ನೂ ಮುಗಿದಿಲ್ಲ" ಎಂದಳು.