ಮೂರನೇ ಎಂಡಿಂಗ್

ಆ ಹಾರರ್ ಗೇಮಿಗೆ ಮೂರು ಎಂಡಿಂಗ್‌ಗಳಿದ್ದವು. ತಮಾಷೆಗೆಂದು ಗೆಳೆಯನನ್ನು ಕೋಣೆಯಲ್ಲಿ ಕೂಡಿಹಾಕಿ ಮರೆತ ನಾಯಕ ಮೊದಲನೆಯದರಲ್ಲಿ ಸಾಯುತ್ತಾನೆ, ಎರಡನೆಯದರಲ್ಲಿ ಅವನಿಗೆ ಹುಚ್ಚು ಹಿಡಿಯುತ್ತದೆ. ಮೂರನೆಯದರಲ್ಲಿ ಅವನು ಬಾಗಿಲು ತೆರೆಯುತ್ತಾನೆ, ಗೆಳೆಯ ನಗುತ್ತ ಹೊರಬರುತ್ತಾನೆ. ಅಲ್ಲಿಗೆ ಆಟ ಮುಗಿಯುತ್ತದೆ.

ಭಾನುವಾರ ಊಟವಾದ ಮೇಲೆ ಹಾಸ್ಟೆಲ್ ರೂಮಿನಲ್ಲಿ ಆ ನಗುವಿನ ಮೇಲೆ ಜಗಳ ಹತ್ತಿತು.

“ಅಂವ ದೆವ್ವ ಆಗ್ಯಾನಲೇ, ಅದಕ್ಕ ನಗತಾನ,” ಎಂದ ರೂಮ್‌ಮೇಟ್.

“ನಿನ್ನ ತಲಿ! ಅಂವ ಕ್ಷಮಿಸ್ಯಾನ,” ಎಂದ ಶ್ರೇಣಿಕ.

ಮಂಚದ ತುದಿಯಲ್ಲಿ ಕೂತಿದ್ದ ಜೂನಿಯರ್ ಶಿವಯೋಗಿಯ ಕಡೆ ನೋಡಲು ಶ್ರೇಣಿಕನಿಗೆ ಆಗಲಿಲ್ಲ. ಹೋದ ವರ್ಷ ಆ ಹುಡುಗನನ್ನು ಬಾತ್‌ರೂಮಿಗೆ ನೂಕಿ ಹೊರಗಿನಿಂದ ಚಿಲಕ ಹಾಕಿದವನು ಇವನೇ. ಈ ಗೇಮ್ ಆಡತೊಡಗಿದಾಗಿನಿಂದ ಅದೇ ನೆನಪಾಗಿ, ಅವನೆದುರು ತಲೆ ಎತ್ತುವುದು ಕಷ್ಟವಾಗಿತ್ತು. ಕೊನೆಗೆ ಧೈರ್ಯ ಮಾಡಿ ಕೇಳಿಯೇಬಿಟ್ಟ.

“ನೀ ಹೇಳೋ ತಮ್ಮಾ. ಅಂವ ಕ್ಷಮಿಸ್ಯಾನ, ಹೌದಲ್ಲೋ?”

ಶಿವಯೋಗಿ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಅಂವಂದು ನಂಗ ಗೊತ್ತಿಲ್ಲಣ್ಣಾ. ನೀವು ಬಾಗಲಾ ತಗದಾಗ ನಾನೂ ಹಂಗ ನಕ್ಕಿದ್ದೆ. ಮತ್ತ ಒಳಗ ಹಾಕ್ತೀರಿ ಅಂತ ಅಂಜಿ.”